ಮೂರರಲ್ಲಿ ಎರಡು: ಬೆಂಗಳೂರಿನ ಅಂಚಿನ ಬೇಟೆಕೋವಿಗಳು

ಮೂರು ಕೋವಿಗಳಲ್ಲಿ ಯಾವ ಎರಡನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಟ್ಟುಕೊಡುವುದು? 2019ರ ಡಿಸೆಂಬರ್‌ನಲ್ಲಿ ಸಂಸತ್ತು ಶಸ್ತ್ರಾಸ್ತ್ರ ಕಾಯ್ದೆಯನ್ನು ತಿದ್ದಿದಾಗ ಒಬ್ಬರ ಹೆಸರಲ್ಲೇ ಮೂರು ಕೋವಿ ಇದ್ದ ಪ್ರತಿ ಮನೆಯಲ್ಲೂ ಈ ಪ್ರಶ್ನೆ ಎದ್ದಿತು. ಮಸೂದೆಯ ಮೊದಲ ರೂಪದಲ್ಲಿ ಒಬ್ಬರಿಗೆ ಒಂದೇ ಬಂದೂಕು ಎಂದಿತ್ತು. ವಿರೋಧ ಬಂದ ಮೇಲೆ ಅದು ಎರಡಕ್ಕೆ ನಿಂತಿತು. ಡಿಸೆಂಬರ್ 14ರಿಂದ ಕಾನೂನು ಜಾರಿಗೆ ಬಂತು. ಹೆಚ್ಚಿಗೆ ಇರುವುದನ್ನು ಒಂದು ವರ್ಷದೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಲೈಸೆನ್ಸ್ ಇರುವ ಬಂದೂಕು ಅಂಗಡಿಗೋ ಒಪ್ಪಿಸಬೇಕು. ಸೇನೆಯಲ್ಲಿರುವವರು ತಮ್ಮ ಘಟಕದ ಶಸ್ತ್ರಾಗಾರದಲ್ಲೂ ಇಡಬಹುದು. ಆ ಒಂದು ವರ್ಷ ಕಳೆದು 90 ದಿನಗಳೊಳಗೆ ಆ ಕೋವಿಯ ಪರವಾನಗಿ ರದ್ದಾಗುತ್ತದೆ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಎಂದೊಡನೆ ಯಾರಿಗೂ ಕೋವಿ ನೆನಪಾಗುವುದಿಲ್ಲ. ಗಾಜಿನ ಕಟ್ಟಡ, ಟೋಲ್ ಗೇಟು, ಲೇತ್ ಮಷಿನ್ನುಗಳ ಸದ್ದು ನೆನಪಾಗುತ್ತವೆ. ಆದರೆ ಈ ಮೂರೂ ಕಡೆ ಬೇಟೆಯ ನಾಡು ನಗರದ ತೀರಾ ಸಮೀಪದಲ್ಲಿತ್ತು. ಕೆರೆಯಂಗಳದಲ್ಲಿ ಹಕ್ಕಿ ಹೊಡೆಯಲು ತಂದ ಕೋವಿ, ಚಿರತೆಯ ಬೆನ್ನು ಹತ್ತಿದ ರೈಫಲ್ಲು, ರಾಗಿ ಹೊಲ ಕಾಯಲು ಮಚ್ಚಾನಿನ ಮೇಲೆ ರಾತ್ರಿ ಕಳೆದ ಕೇಪಿನ ಕೋವಿ, ಹೀಗೆ ಒಂದೊಂದು ಒಂದೊಂದು ಕೆಲಸಕ್ಕೆ ಬಂದವು. ಕೆಲಸ ಮುಗಿದ ಮೇಲೂ ಮನೆಯಲ್ಲೇ ಉಳಿದವು. ಕಾನೂನು ಅವುಗಳನ್ನು ಎಣಿಸಿತೇ ಹೊರತು ಯಾವುದು ಯಾವ ಕೆಲಸಕ್ಕೆ ಬಂದದ್ದು ಎಂದು ಕೇಳಲಿಲ್ಲ. ಅದನ್ನು ಕೇಳಿಕೊಳ್ಳಬೇಕಾದವರು ಮನೆಯವರೇ ಆದರು. ಹಾಗಾಗಿ ಅವರು ಮಾಡಿದ ಆಯ್ಕೆಯಲ್ಲಿ ಈ ಸೀಮೆಯ ಬೇಟೆಯ ಚರಿತ್ರೆಯೇ ಅಡಗಿದೆ.

ಮೊದಲು ವೈಟ್‌ಫೀಲ್ಡ್. 1882ರಲ್ಲಿ ಮೈಸೂರಿನ ಹತ್ತನೇ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಜಮೀನು ಕೊಟ್ಟರು. ಸಂಘದ ಮುಂದಾಳು ಡಿ.ಎಸ್. ವೈಟ್ ಹೆಸರೇ ಊರಿಗೂ ಬಂತು. ನಡುವೆ ವೃತ್ತಾಕಾರದ ಮೈದಾನ, ಸುತ್ತ ಹೆಂಚಿನ ಮನೆಗಳು. ಇನ್ನರ್ ಸರ್ಕಲ್ ಎಂದು ಇವತ್ತಿಗೂ ಕರೆಯುವುದು ಅದನ್ನೇ. ಬೇಸಾಯ, ಹೈನು, ಹಣ್ಣಿನ ತೋಟ ಮಾಡಿಕೊಂಡು ಸ್ವಂತ ಕಾಲ ಮೇಲೆ ನಿಲ್ಲಬೇಕೆಂದು ಬಂದ ಜನ ಅವರು.

ಅವರು ಬೆಳೆದ ಕಾಲದ ಕಾನೂನನ್ನು ನೋಡಬೇಕು. ವೈಸರಾಯ್ ಲಿಟ್ಟನ್ ಕಾಲದ 1878ರ ಶಸ್ತ್ರಾಸ್ತ್ರ ಕಾಯ್ದೆ ಬ್ರಿಟಿಷ್ ಇಂಡಿಯಾದಲ್ಲಿ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಯುರೋಪಿಯನ್ನರಿಗೂ ಆಂಗ್ಲೋ ಇಂಡಿಯನ್ನರಿಗೂ ವಿನಾಯಿತಿ ಕೊಟ್ಟಿತು. ಹೊಲ ಕಾಯುವ ರೈತ ಅರ್ಜಿ ಹಿಡಿದು ನಿಲ್ಲಬೇಕು, ಹವ್ಯಾಸಕ್ಕೆ ಹಕ್ಕಿ ಹೊಡೆಯುವವನಿಗೆ ಕಾಗದವೇ ಬೇಡ. ಈ ಭೇದದ ವಿರುದ್ಧ 1887ರ ಮದರಾಸು ಅಧಿವೇಶನದಲ್ಲೇ ಕಾಂಗ್ರೆಸ್ ನಿರ್ಣಯ ಮಾಡಿತ್ತು. ಬಣ್ಣ ನೋಡಿ ಕೊಡುತ್ತಿದ್ದ ವಿನಾಯಿತಿ ನಿಯಮಗಳಿಂದ ಹೋಗಲು 1920ರ ಸುಮಾರಿನವರೆಗೆ ಕಾಯಬೇಕಾಯಿತು. ಯಾರ ಕೈಯಲ್ಲಿ ಕೋವಿ ಇರಬಹುದು ಎಂಬುದನ್ನು ನಂಬಿಕೆಯ ಮೇಲೆ ತೀರ್ಮಾನಿಸುವ ಸರ್ಕಾರ, ಆ ನಂಬಿಕೆಯನ್ನು ಹುಟ್ಟಿನ ಮೇಲೆ ಅಳೆಯಿತು. ಇದು ಅನ್ಯಾಯವೇ ಆಗಿತ್ತು. ಹಳೆಯ ಕೋವಿಗಳ ಚರಿತ್ರೆ ಬರೆಯುವವರು ಇದನ್ನು ಮರೆಯಬಾರದು.

ಬೆಂಗಳೂರಿನ ಪೂರ್ವಕ್ಕೆ ಸಾಲುಸಾಲು ಕೆರೆಗಳು. ಚಳಿಗಾಲಕ್ಕೆ ಬಾತುಗಳು ಬರುತ್ತಿದ್ದವು, ಗದ್ದೆಬದಿಯಲ್ಲಿ ಸ್ನೈಪ್ ಹಕ್ಕಿ, ಕುರುಚಲಲ್ಲಿ ಕೌಜುಗ. ದಂಡಿನ ಅಧಿಕಾರಿಗಳಿಗೆ ಇದು ವಾರದ ಬಿಡುವಿನ ಶಿಕಾರಿ. ಇದಕ್ಕೆ ಬೇಕಾದದ್ದು ಚರೆ ಹಾರಿಸುವ ಹನ್ನೆರಡು ಬೋರಿನ ಜೋಡಿನಳಿಗೆ. ವೆಬ್ಲಿ ಅಂಡ್ ಸ್ಕಾಟ್, ಗ್ರೀನರ್, ವೆಸ್ಟ್ಲಿ ರಿಚರ್ಡ್ಸ್ ಹೆಸರು ಕೆತ್ತಿದ ಬರ್ಮಿಂಗ್‌ಹ್ಯಾಮಿನ ಕೋವಿಗಳು ಭಾರತಕ್ಕೆ ಬಂದದ್ದು ಹೀಗೆ.

ದೊಡ್ಡ ಬೇಟೆಯ ರೈಫಲ್ಲುಗಳದು ಬೇರೆ ಕಥೆ. ಕಾನೂನು ಬದಲಾದಾಗ ಬೇಟೆಗಾರ ಕೋವಿ ಬದಲಿಸಬೇಕಾದದ್ದು 2019ರಲ್ಲೇ ಮೊದಲಲ್ಲ. ಸೈನ್ಯದ ಹಳೆಯ ಮಾರ್ಟಿನಿ ಹೆನ್ರಿ ಬಂದೂಕಿನ ಗುಂಡಿನ ಅಳತೆ .450 ಬೋರಿನದು. ಆ ಅಳತೆಯ ಮದ್ದುಗುಂಡು ಬಂಡಾಯಗಾರರ ಕೈ ಸೇರೀತು ಎಂಬ ಭಯದಿಂದ 1907ರಲ್ಲಿ ಬ್ರಿಟಿಷ್ ಸರ್ಕಾರ .450 ಬೋರಿನ ರೈಫಲ್ಲುಗಳ ಆಮದನ್ನು ಭಾರತಕ್ಕೂ ಸುಡಾನಿಗೂ ನಿಲ್ಲಿಸಿತು. ಆನೆ, ಕಾಟಿ ಹೊಡೆಯುವವರ ಮೆಚ್ಚಿನ ಬೋರು ಅದೇ ಆಗಿತ್ತು. ಲಂಡನ್ನಿನ ತಯಾರಕರು ಸುಮ್ಮನೆ ಕೂರಲಿಲ್ಲ. ಹಾಲಂಡ್ ಅಂಡ್ ಹಾಲಂಡ್ .465 ತಂದಿತು, ಇತರರು .470, .475 ತಂದರು. ಇವತ್ತು ಹರಾಜು ಮನೆಗಳಲ್ಲಿ ಲಕ್ಷಗಟ್ಟಲೆ ಬಾಳುವ ಬೋರುಗಳು ಹುಟ್ಟಿದ್ದು ಒಂದು ಆಮದು ನಿಷೇಧದಿಂದ.

ಇನ್ನು ಪೀಣ್ಯದ ಕಡೆ. ಅದರ ಪಕ್ಕದ ಜಾಲಹಳ್ಳಿ ಈಗ ಮೆಟ್ರೊ ನಿಲ್ದಾಣದ ಹೆಸರು. ಎರಡನೇ ಮಹಾಯುದ್ಧಕ್ಕೆ ಮುಂಚೆ ಅದೊಂದು ಪುಟ್ಟ ಹಳ್ಳಿ. ಯುದ್ಧಕಾಲದಲ್ಲಿ ಇಟಲಿಯ ಕೈದಿಗಳ ಶಿಬಿರ ಅಲ್ಲಿಗೆ ಬಂತು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಎಪ್ಪತ್ತರ ದಶಕದ ಕೊನೆಗೆ ಪೀಣ್ಯ ಕೈಗಾರಿಕಾ ವಸಾಹತು. ಜಾಲಹಳ್ಳಿಯ ಸುತ್ತ ಜನರ ಮೇಲೆ ಬಿದ್ದ ಚಿರತೆಯೊಂದರ ಕಥೆಯನ್ನು ಬೆಂಗಳೂರಿನ ಬೇಟೆಗಾರ ಲೇಖಕ ಕೆನೆತ್ ಆಂಡರ್ಸನ್ ತಮ್ಮ ಮೊದಲ ಪುಸ್ತಕದಲ್ಲಿ ಬರೆದರು. ಅದು ಬಂದದ್ದು 1954ರಲ್ಲಿ. ಬಿಇಎಲ್ ಶುರುವಾದ ವರ್ಷವೂ ಅದೇ. ಕನ್ನಡದ ಓದುಗರಿಗೆ ಈ ಕಥೆ ಪೂರ್ಣಚಂದ್ರ ತೇಜಸ್ವಿಯವರ ಕೈಯಲ್ಲಿ ‘ಜಾಲಹಳ್ಳಿಯ ಕುರ್ಕ’ ಆಗಿ ಬಂತು. ಅದೇ ಮಾಲೆಯ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ಯನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದರೆ ಬೆಂಗಳೂರಿನ ವಾಯವ್ಯ ಅಂಚು ಆಗ ಹೇಗಿತ್ತು ಎಂಬ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಆಂಡರ್ಸನ್ನರ ರೈಫಲ್ಲು .405 ವಿಂಚೆಸ್ಟರ್, 1895ರ ಮಾದರಿ. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಆಫ್ರಿಕದ ಬೇಟೆಗೆ ಒಯ್ದದ್ದೂ ಇದೇ ಮಾದರಿ. ದಕ್ಷಿಣ ಭಾರತದ ನರಭಕ್ಷಕಗಳ ಕಥೆಯಲ್ಲಿ ಇಷ್ಟು ಹೆಸರಾದ ಈ ರೈಫಲ್ಲಿನ ಬೋರಿಗೆ ನಮ್ಮ ಸರ್ಕಾರಿ ಕಾರ್ಖಾನೆಗಳು ತೋಟಾ ಮಾಡುವುದಿಲ್ಲ. ಕೋವಿ ಎಷ್ಟೇ ದೊಡ್ಡ ಹೆಸರಿನದಾದರೂ ತೋಟಾ ಸಿಗದಿದ್ದರೆ ಅದು ಕಬ್ಬಿಣದ ಕೊಳವೆ. ಮೂರರಲ್ಲಿ ಎರಡನ್ನು ಆರಿಸುವಾಗ ಇದು ಮೊದಲ ಲೆಕ್ಕಕ್ಕೇ ಬರುತ್ತದೆ.

ಬೇಟೆಗೆ ತೆರೆ ಬಿದ್ದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ. ಅದಕ್ಕೆ ಮುಂಚೆ ಮೈಸೂರು ಸಂಸ್ಥಾನದಲ್ಲಿ 1901ರ ಶಿಕಾರಿ ಮತ್ತು ಮೀನು ಸಂರಕ್ಷಣೆಯ ಕಾನೂನಿತ್ತು; ಆದರೆ ಅದು ಬೇಟೆಯನ್ನು ಹದ್ದುಬಸ್ತಿನಲ್ಲಿಡುವ ಕಾನೂನು, ನಿಲ್ಲಿಸುವುದಲ್ಲ. 1972ರ ಕಾಯ್ದೆಯಲ್ಲೂ ಕೆಲವು ಪ್ರಾಣಿಗಳನ್ನು ಹೊಡೆಯಲು ಪರ್ಮಿಟ್ ಸಿಗುತ್ತಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. 1974ರಲ್ಲಿ ಆಂಡರ್ಸನ್ ತೀರಿಕೊಂಡರು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಘೋಷಣೆಯಾದದ್ದೂ ಆ ವರ್ಷವೇ. ನಾಲ್ಕೈದು ವರ್ಷಗಳಲ್ಲಿ ತನ್ನ ಮುಖ್ಯಸ್ಥ ಆರ್.ಕೆ. ಬಾಳಿಗಾ ಅವರ ಕನಸಿನಂತೆ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಕೈಹಾಕಿತು. ಹೀಗೆ ಒಂದೇ ದಶಕದಲ್ಲಿ ಬೆಂಗಳೂರಿನ ದಕ್ಷಿಣದ ಆನೇಕಲ್ ಸೀಮೆಗೆ ಒಂದು ಕಡೆಯಿಂದ ಕಾಡಿನ ಗಡಿ ಬಂತು, ಇನ್ನೊಂದು ಕಡೆಯಿಂದ ಕಾರ್ಖಾನೆಯ ಗಡಿ ಬಂತು.

ಇವೆರಡರ ಮಧ್ಯೆ ಸಿಕ್ಕಿಕೊಂಡದ್ದು ಬೆಳೆ ರಕ್ಷಣೆಯ ಕೋವಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ 10 ಕಿಲೋಮೀಟರ್ ಒಳಗೆ ವಾಸಿಸುವ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು; ಮುಖ್ಯ ವನ್ಯಜೀವಿ ಪರಿಪಾಲಕರು ಒಪ್ಪದೆ ಅಲ್ಲಿ ಹೊಸ ಲೈಸೆನ್ಸ್ ಇಲ್ಲ. ಜಿಗಣಿಯಂಥ ಕೈಗಾರಿಕಾ ಊರೂ ಈ ಹತ್ತು ಕಿಲೋಮೀಟರ್ ಒಳಗೇ ಬರುತ್ತದೆ. ಇತ್ತ 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ರೈತನ ಪರವಾಗಿತ್ತು. ನಿಜವಾಗಿ ಬೆಳೆ ಕಾಯಲು ಬಾಯಿಯಿಂದ ಮದ್ದು ತುಂಬುವ ಕೋವಿ ಕೇಳಿದವನಿಗೆ ಲೈಸೆನ್ಸ್ ಕೊಡಬೇಕು ಎಂದೇ ಅದು ಹೇಳಿತ್ತು. ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಗಜದಿಂದ ಜಡಿದು, ಕೊನೆಗೆ ಕೇಪು ಇಡುವ ಈ ಕೋವಿಗೆ ಒಂದು ಈಡು ಮುಗಿದರೆ ಇನ್ನೊಂದಕ್ಕೆ ಹೊತ್ತು ಹಿಡಿಯುತ್ತದೆ. ಆನೆ ಹಿಂಡು ರಾಗಿಗೆ ಬಿದ್ದಾಗ ಅದು ಮಾಡಬೇಕಾದ ಕೆಲಸ ಸದ್ದು ಮಾತ್ರ. ಆನೆಗೆ ಗುಂಡು ತಾಗಿದರೆ ಜೈಲು.

ಬಂದೂಕುಗಳಿಗೆ ಸಂಖ್ಯೆಯ ಮಿತಿ ಬಂದದ್ದು 1983ರಲ್ಲಿ, ಪಂಜಾಬಿನ ಹಿಂಸಾಚಾರದ ದಿನಗಳಲ್ಲಿ. ಯಾವುದಾದರೂ ಮೂರನ್ನು ಇಟ್ಟುಕೊಂಡು ಉಳಿದವನ್ನು 90 ದಿನಗಳಲ್ಲಿ ಒಪ್ಪಿಸಿ ಎಂದಿತು ಆಗಿನ ತಿದ್ದುಪಡಿ. ಹೆಚ್ಚಿನವರಿಗೆ ಅದು ತಟ್ಟಲಿಲ್ಲ. ದೊಡ್ಡ ಶಿಕಾರಿ ಮನೆತನಗಳಿಗೆ, ತೋಟದ ಮಾಲೀಕರಿಗೆ ಮಾತ್ರ ತಟ್ಟಿತು. ಮೂರಕ್ಕೆ ಇಳಿದವರು 36 ವರ್ಷಗಳ ಮೇಲೆ ಎರಡಕ್ಕೆ ಇಳಿಯಬೇಕಾಯಿತು. ಈ ಎರಡನೇ ಸಲದ ಆಯ್ಕೆ ಮೊದಲಿಗಿಂತ ಕಷ್ಟದ್ದು. ಬೇಡವೆನಿಸಿದ್ದೆಲ್ಲ 1983ರಲ್ಲೇ ಹೋಗಿತ್ತು.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳುವುದು? ಮನೆಯ ಹಿರಿಯರು, ಬಂದೂಕು ಅಂಗಡಿಯವರು ಕೂತು ಮಾತಾಡುವ ವಿಷಯಗಳು ಬಹಳ ಬಿಡಿಬಿಡಿಯಾದವು. ಹನ್ನೆರಡು ಬೋರಿನ ತೋಟಾ ಪುಣೆಯ ಖಡ್ಕಿಯ ಸರ್ಕಾರಿ ಕಾರ್ಖಾನೆಯಿಂದ ಬರುತ್ತದೆ, ಅಂಗಡಿಯಲ್ಲಿ ಸಿಗುತ್ತದೆ. ಇಷಾಪುರದ .315 ರೈಫಲ್ಲಿಗೂ ದೇಶದೊಳಗೇ ತೋಟಾ ಉಂಟು. ಅಜ್ಜನ ಕಾಲದ ವಿದೇಶಿ ರೈಫಲ್ಲಿನ ಬೋರಿಗೆ ಆ ಭಾಗ್ಯವಿಲ್ಲ. ಹಾಗೆಂದು ಹಳೆಯ ಜೋಡಿನಳಿಗೆಯೆಲ್ಲ ಕ್ಷೇಮ ಎಂದೂ ಅಲ್ಲ. ನಳಿಗೆ ಬಿಚ್ಚಿ ಅಡಿಯನ್ನು ಬೆಳಕಿಗೆ ಹಿಡಿದರೆ ಪುಟ್ಟ ಮುದ್ರೆಗಳು ಕಾಣುತ್ತವೆ. ಕಿರೀಟದ ಕೆಳಗೆ ಬಿಪಿ, ಬಿವಿ, ಎನ್‌ಪಿ ಅಕ್ಷರಗಳಿದ್ದರೆ ಅದು ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮನೆಯಲ್ಲಿ ತೇರ್ಗಡೆಯಾದದ್ದು. ಎನ್‌ಪಿ ಎಂದರೆ ಹೊಗೆಯಿಲ್ಲದ ಮದ್ದನ್ನು ತಡೆಯಬಲ್ಲದು. ಆ ಗುರುತಿಲ್ಲದೆ, ನಳಿಗೆಯ ಮೇಲೆ ನೀರಿನ ಅಲೆಯಂಥ ಗೆರೆಗಳಿದ್ದರೆ ಅದು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದ ಡಮಾಸ್ಕಸ್ ನಳಿಗೆ. ಕರಿಮದ್ದಿಗೆಂದು ಮಾಡಿದ್ದು, ಈಗಿನ ತೋಟಾ ಹಾಕಿದರೆ ಸೀಳಿ ಕೈ ಹೋದೀತು. ತೋಟಾ ಕೂರುವ ಜಾಗದ ಉದ್ದವನ್ನೂ ನೋಡಬೇಕು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅದು ಎರಡೂವರೆ ಅಂಗುಲ. ಎರಡೂಮುಕ್ಕಾಲು ಅಂಗುಲದ ತೋಟಾ ಒಳಗೆ ಕೂತಂತೆ ಕಂಡರೂ ಹಾರಿಸಿದಾಗ ಬಾಯಿ ಬಿಚ್ಚಿಕೊಳ್ಳಲು ಎಡೆ ಸಾಲದೆ ಒತ್ತಡ ಏರುತ್ತದೆ. ನೋಡಲು ಅತಿ ಚೆಂದದ ಕೋವಿ ಇಂಥ ಪರೀಕ್ಷೆಯಲ್ಲಿ ಸೋಲುತ್ತದೆ, ಯಾವ ಅಲಂಕಾರವೂ ಇಲ್ಲದ ಒಂಟಿನಳಿಗೆ ಗೆಲ್ಲುತ್ತದೆ.

.22 ರೈಫಲ್ಲಿಗೆ ಕಾನೂನಿನಲ್ಲೇ ಒಂದು ದಾರಿ ಇದೆ. ಸರ್ಕಾರದ ಮಾನ್ಯತೆ ಇರುವ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ .22 ಎರಡರ ಲೆಕ್ಕಕ್ಕೆ ಸೇರುವುದಿಲ್ಲ. ಕ್ಲಬ್ಬಿಗೆ ಹೋಗುವ ಮಗಳೋ ಮಗನೋ ಇರುವ ಮನೆಗೆ ಇದು ಉಪಕಾರವಾಯಿತು.

ಮಾರಾಟದ ದಾರಿ ಅಷ್ಟು ಸುಲಭವಲ್ಲ. ಎಂಬತ್ತರ ದಶಕದ ಮಧ್ಯದಿಂದ ಖಾಸಗಿ ಬಂದೂಕು ಆಮದು ಬಹುಮಟ್ಟಿಗೆ ನಿಂತಿದ್ದರಿಂದ ಹಳೆಯ ವಿದೇಶಿ ಕೋವಿಗಳಿಗೆ ದೇಶದೊಳಗೆ ಒಳ್ಳೆಯ ಬೆಲೆ ಇತ್ತು. ಆದರೆ ಕೊಳ್ಳುವವನ ಲೈಸೆನ್ಸಿನಲ್ಲೂ ಜಾಗ ಖಾಲಿ ಇರಬೇಕಲ್ಲ. ಮೂರಿದ್ದವರೆಲ್ಲ ಒಂದನ್ನು ಇಳಿಸಲು ಹೊರಟ ವರ್ಷ ಕೊಳ್ಳುವವರು ಎಲ್ಲಿಂದ ಬರಬೇಕು? ಅದೂ 2020ರಲ್ಲಿ. ಕೊಟ್ಟ ಹನ್ನೆರಡು ತಿಂಗಳಲ್ಲಿ ಬಹುಪಾಲನ್ನು ಕೋವಿಡ್ ನುಂಗಿತು. ಗಡುವು ಮುಗಿದ ಡಿಸೆಂಬರಿನಲ್ಲೇ ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಯೂ ಬಂತು. ಚುನಾವಣೆ ಎಂದರೆ ಕೋವಿ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದು ಲೈಸೆನ್ಸುದಾರರಿಗೆ ರೂಢಿಯಾದ ಕೆಲಸ. ಆದರೆ ಚುನಾವಣೆಗೆ ಒಪ್ಪಿಸಿದ ಕೋವಿ ಫಲಿತಾಂಶ ಬಂದ ಮೇಲೆ ಮನೆಗೆ ಮರಳುತ್ತದೆ. ಮೂರನೆಯದು ಮರಳುವುದಿಲ್ಲ.

ವಾರಸುದಾರಿಕೆಯ ಗಂಟು ಇನ್ನೂ ಬಿಗಿ. ಲೈಸೆನ್ಸುದಾರರಿಗೆ 70 ವರ್ಷವಾದರೆ, ಇಲ್ಲವೇ ಕೋವಿ 25 ವರ್ಷ ಅವರ ಬಳಿ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಬಹುದು ಎನ್ನುತ್ತವೆ 2016ರ ನಿಯಮಗಳು. ಆದರೆ ತಂದೆಯಿಂದ ಬಂದದ್ದೂ ಸೇರಿ ಎರಡನ್ನು ಮೀರುವಂತಿಲ್ಲ ಎಂದು 2019ರ ತಿದ್ದುಪಡಿ ಬಿಡಿಸಿ ಹೇಳಿದೆ. ಈ ಕಾರಣಕ್ಕೆ ಆಯ್ಕೆ ಒಬ್ಬರದಾಗಿ ಉಳಿಯಲಿಲ್ಲ. ಯಾವ ಮಗು ಲೈಸೆನ್ಸ್ ತೆಗೆದುಕೊಳ್ಳಲು ತಯಾರಿದೆ, ಯಾರು ತರಬೇತಿ ಪ್ರಮಾಣಪತ್ರ ತರುತ್ತಾರೆ, ಹನ್ನೆರಡನೇ ಮಹಡಿಯ ಫ್ಲ್ಯಾಟಿನಲ್ಲಿ ಅದನ್ನು ಭದ್ರವಾಗಿ ಇಡುವುದು ಎಲ್ಲಿ ಎಂಬುದೆಲ್ಲ ಒಟ್ಟಿಗೇ ತೀರ್ಮಾನವಾಗಬೇಕು.

ಐಟಿ ಕೆಲಸಕ್ಕೆಂದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗೆ ಬಂದು ನೆಲೆಸಿದ ಕೊಡವರಿಗೆ ಈ ಎರಡರ ಲೆಕ್ಕ ಹೊಸದಲ್ಲ. 1857ರ ದಂಗೆಯ ನಂತರ ಬ್ರಿಟಿಷರು ಜನರ ಆಯುಧ ಕಿತ್ತುಕೊಳ್ಳುವ ಕಾನೂನು ತಂದಾಗ, ಬೆಂಗಳೂರಿನಿಂದ ಮೈಸೂರು, ಕೊಡಗುಗಳನ್ನು ಆಳುತ್ತಿದ್ದ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರನ್ನು ಅದರಿಂದ ಹೊರಗಿಟ್ಟರು. ಸ್ವಾತಂತ್ರ್ಯದ ನಂತರವೂ ಕೊಡವ ಜನಾಂಗಕ್ಕೆ, ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಆ ವಿನಾಯಿತಿ ಮುಂದುವರಿಯಿತು. ಆದರೆ ಅಧಿಸೂಚನೆಯಲ್ಲಿ ಒಂದು ಷರತ್ತಿದೆ. ಕೊಡಗು ಜಿಲ್ಲೆಯ ಹೊರಗೆ ವಾಸಿಸುವಾಗ, ಓಡಾಡುವಾಗ ಒಂದು ರೈಫಲ್ಲು ಮತ್ತು ಅದಕ್ಕೆ 100 ತೋಟಾ, ಒಂದು ನುಣುಪುನಳಿಗೆಯ ಕೋವಿ ಮತ್ತು ಅದಕ್ಕೆ 500 ತೋಟಾ ಮೀರಬಾರದು. ದೇಶಕ್ಕೆಲ್ಲ ಎರಡರ ಮಿತಿ ಬರುವ ಬಹಳ ಮುಂಚೆಯೇ ಬೆಂಗಳೂರಿಗೆ ಬಂದ ಕೊಡವ ಮನೆಗಳು ಊರಿನ ಐನ್‌ಮನೆಯಲ್ಲಿ ಯಾವುದು ಇರಲಿ, ಇಲ್ಲಿಗೆ ಯಾವುದು ಬರಲಿ ಎಂದು ವಿಂಗಡಿಸಬೇಕಿತ್ತು.

ಆ ವಿಂಗಡಣೆಯಲ್ಲಿ ಬೇಟೆಗಿಂತ ಆಚರಣೆಯದೇ ಮೇಲುಗೈ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದ ದಿನ ತೋಕ್ ಅನ್ನು, ಅಂದರೆ ಕೋವಿಯನ್ನು, ಒರೆಸಿ, ಎಣ್ಣೆ ಹಚ್ಚಿ, ನಡುಮನೆಯ ದೀಪದ ಬಳಿ ಇಟ್ಟು, ಬೆಂಕಿಯ ನಾಲಗೆಯಂಥ ತೋಕ್ ಪೂವನ್ನು ನಳಿಗೆಯ ಬಾಯಿಗೆ ಸಿಕ್ಕಿಸುತ್ತಾರೆ. ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರಬೇಕು. ಮಗ ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಹುಲಿ ಹೊಡೆದವನಿಗೆ ನಡೆಯುತ್ತಿದ್ದ ನರಿ ಮಂಗಲ (ಕೊಡವರ ಮಾತಿನಲ್ಲಿ ನರಿ ಎಂದರೆ ಹುಲಿ) ನಿಂತುಹೋಗಿದೆ, ಉಳಿದವು ನಿಂತಿಲ್ಲ. ಹೆಣ್ಣುಮಗು ಹುಟ್ಟಿದಾಗಲೂ ಆ ಗುಂಡು ಹಾರಲಿ ಎಂದು ಆಸೆಪಡುವುದು ತಪ್ಪಲ್ಲ. ಈ ಸದ್ದುಗಳಿಗೆ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಎಡೆಯಿಲ್ಲ. ಸಂಭ್ರಮಕ್ಕೆಂದು ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸಜೆ ಎಂದು ಅದೇ 2019ರ ತಿದ್ದುಪಡಿ ಹೇಳುತ್ತದೆ. ಹಾಗಾಗಿ ಆಚರಣೆಯ ಕೋವಿ ಊರಲ್ಲೇ ಇರಬೇಕು. 2019ರ ಅಕ್ಟೋಬರಿನಲ್ಲಿ ಕೇಂದ್ರ ಈ ವಿನಾಯಿತಿಯನ್ನು ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್‌ವರೆಗೆ, ವಿಸ್ತರಿಸಿತು. ಇದನ್ನು ಪ್ರಶ್ನಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು.

ಚಿರತೆಗಳು ಮಾತ್ರ ಬೆಂಗಳೂರಿನ ಅಂಚನ್ನು ಬಿಟ್ಟಿಲ್ಲ. 2016ರ ಫೆಬ್ರುವರಿಯಲ್ಲಿ ವೈಟ್‌ಫೀಲ್ಡ್ ಬಳಿಯ ಶಾಲೆಯೊಂದಕ್ಕೆ ಚಿರತೆ ನುಗ್ಗಿತು. ಹಿಡಿಯಲು ಹೋದ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಈಜುಕೊಳದ ಪಕ್ಕ ಅದರ ಬಾಯಿಗೆ ಸಿಕ್ಕು ಗಾಯಗೊಂಡರು. 2023ರ ನವೆಂಬರ್‌ನಲ್ಲಿ ಕೂಡ್ಲು ಗೇಟ್ ಸುತ್ತ ಅಡ್ಡಾಡಿದ ಚಿರತೆ ಸೆರೆ ಕಾರ್ಯಾಚರಣೆಯಲ್ಲಿ ಸತ್ತಿತು. ಎರಡು ಕಡೆಯೂ ಜನ ಕರೆದದ್ದು ಅರಣ್ಯ ಇಲಾಖೆಯನ್ನು, ಅರಿವಳಿಕೆ ಹಾರಿಸುವ ಬಂದೂಕು ಹಿಡಿದ ಪಶುವೈದ್ಯರನ್ನು. ಆಂಡರ್ಸನ್ನರ ಕಾಲದಲ್ಲಿ ಹಳ್ಳಿಯವರು ರೈಫಲ್ಲಿದ್ದ ಖಾಸಗಿ ಬೇಟೆಗಾರನ ಮನೆಗೆ ಬರುತ್ತಿದ್ದರು. ಆ ಕೆಲಸ ಖಾಸಗಿ ಕೈಯಿಂದ ತಪ್ಪಿದ್ದು ಒಳ್ಳೆಯದೇ.

ಮನೆಯಿಂದ ಹೊರಟ ಮೂರನೆಯ ಕೋವಿಗಳ ಬಗ್ಗೆ ಮಾತ್ರ ಕಾಳಜಿ ವಹಿಸುವವರು ಯಾರೂ ಕಾಣುತ್ತಿಲ್ಲ. ಎರಡರ ಮಿತಿಯನ್ನು ಒಪ್ಪಬಹುದು. ಬೇಟೆಯೇ ಇಲ್ಲದ ನಾಡಿನಲ್ಲಿ ಒಬ್ಬರಿಗೆ ಮೂರು ಬಂದೂಕು ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಸರ್ಕಾರದ ವಶಕ್ಕೆ ಹೋದ ಹಳೆಯ ಆಯುಧಗಳಿಗೆ ಕೊನೆಯಲ್ಲಿ ಕಾದಿರುವುದು ಕರಗಿಸುವ ಕುಲುಮೆ. ಅದಕ್ಕೆ ಮುಂಚೆ ಪುರಾತತ್ವ ಮತ್ತು ವಸ್ತುಸಂಗ್ರಹಾಲಯಗಳ ಇಲಾಖೆಯ ಒಬ್ಬರು ಠಾಣೆಗೆ ಹೋಗಿ ಕೂತರೆ ಸಾಕು, ಬಹಳಷ್ಟು ಉಳಿದೀತು. ನಳಿಗೆಯ ಮೇಲಿನ ಹೆಸರು ಮತ್ತು ನಂಬರು, ಅಡಿಯ ಮುದ್ರೆಗಳು, ಹಿಡಿಯ ಮೇಲೆ ಯಾರೋ ಕೂರಿಸಿದ ಹಿತ್ತಾಳೆ ಫಲಕ ಇವುಗಳ ಫೋಟೊ ತೆಗೆಯಬಹುದು. ಲೈಸೆನ್ಸ್ ಪುಸ್ತಕದಿಂದ ಯಾವ ವರ್ಷ ಯಾರಿಂದ ಯಾರಿಗೆ ಬಂತು, ಬೆಳೆ ರಕ್ಷಣೆಗೋ ಶಿಕಾರಿಗೋ ಎಂದು ಬರೆದುಕೊಳ್ಳಬಹುದು. ಒಪ್ಪಿಸಲು ಬಂದವರು ಎದುರಿಗೇ ಇರುತ್ತಾರೆ. ಈ ಕೋವಿ ಯಾವ ಕೆರೆಯಲ್ಲಿ, ಯಾವ ಗುಡ್ಡದಲ್ಲಿ ಓಡಾಡಿತ್ತು ಎಂದು ಅವರನ್ನೇ ಕೇಳಬಹುದು. 2019ರ ತಿದ್ದುಪಡಿ ಲೈಸೆನ್ಸಿನ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿದ್ದರಿಂದ 2020ರಲ್ಲಿ ನವೀಕರಣವಾದ ಪುಸ್ತಕಗಳು 2025ರಿಂದ ಮತ್ತೆ ಕಚೇರಿಯ ಮೇಜಿಗೆ ಬರುತ್ತಿವೆ. ಅವುಗಳಲ್ಲಿ ಮೂರನೆಯ ಕೋವಿಯ ಸಾಲಿಗೆ ಅಡ್ಡಗೆರೆ ಬಿದ್ದಿದ್ದರೂ ಕೆಳಗಿನ ಅಕ್ಷರಗಳನ್ನು ಇನ್ನೂ ಓದಬಹುದು, ನಕಲು ಮಾಡಿಕೊಳ್ಳಬಹುದು.